ಹೊತ್ತು ಮೂಡಲಿ, ಆಮೇಲೆ ಕಾಡಿನ ರಸ್ತೆಗೆ ಸೈಕಲ್ ಇಳಿಸಿ

ಬೆಂಗಳೂರಿನ ಗಿರಿನಗರದಲ್ಲಿ ರೂಮು ಮಾಡಿಕೊಂಡಿರುವ ಗೆಳೆಯನೊಬ್ಬ ನಮಗಿದ್ದಾನೆ. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಅಪ್ಪನ ಹಳೇ ಸೈಕಲ್ ತುಳಿದುಕೊಂಡು ಬರುತ್ತಿದ್ದವನು. ಈಗ ಅವನ ಹತ್ತಿರ 80 ಸಾವಿರದ ರೋಡ್ ಬೈಕ್ ಇದೆ. ಹೆಸರು ಬೈಕ್ ಅಂತ, ಆದರೆ ಪೆಟ್ರೋಲ್ ಬೇಡ, ಸೈಕಲ್ಲೇ. ಬೆರಳು ದಪ್ಪದ ಟೈರು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು.

ಭಾನುವಾರ ನಸುಕಿಗೆ ನಾಲ್ಕಕ್ಕೆಲ್ಲ ಅವನೂ ಅವನ ಹತ್ತು ಹನ್ನೆರಡು ಜೊತೆಗಾರರೂ ಹೊರಡುತ್ತಾರೆ. ಬನಶಂಕರಿ ದಾಟಿ ಕನಕಪುರ ರಸ್ತೆ ಹಿಡಿದರೆ ಕಗ್ಗಲೀಪುರ. ಅಲ್ಲಿ ಎಡಕ್ಕೆ ತಿರುಗಿದರೆ ಕಾಡಿನ ಗಾಳಿ ಶುರು. ಇನ್ನು ಕೆಲವರು ಬನ್ನೇರುಘಟ್ಟದಿಂದ ರಾಗಿಹಳ್ಳಿ ಕಡೆಗೆ ಹೋಗುತ್ತಾರೆ, ಆನೇಕಲ್ ಸುತ್ತಿ ಹಾರೋಹಳ್ಳಿ ಕಡೆಗೆ ಬರುವವರೂ ಇದ್ದಾರೆ. ಎಲ್ಲವೂ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಳಗೋ ಅಂಚಿಗೋ ಹಾದುಹೋಗುವ ರಸ್ತೆಗಳು. ನಮ್ಮ ಹಳ್ಳಿಗಳ ರಸ್ತೆಗಳೂ ಅವೇ.

ಹೋದ ರಾಗಿ ಸುಗ್ಗಿಯ ಹೊತ್ತಿನಲ್ಲಿ ಗೆಳೆಯ ಫೋನ್ ಮಾಡಿ, "ನಿಮ್ಮ ಕಡೆ ಬರ್ತಿದೀವಿ, ಟೀ ಕುಡಿಯೋಣ ಬಾರೋ" ಅಂದ. ನಾವು ಐದೂವರೆಗೆ ಕಾಡಂಚಿನ ಊರೊಂದರ ಟೀ ಅಂಗಡಿ ಮುಂದೆ ನಿಂತಿದ್ದೆವು. ಇನ್ನೂ ಕತ್ತಲು. ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ರಾಗಿ ಕಾದ ಅಣ್ಣನೊಬ್ಬ ಕಂಬಳಿ ಹೊದ್ದು, ಟಾರ್ಚ್ ಹಿಡಿದು ಬಂದು ಕೂತ. ಅಷ್ಟರಲ್ಲಿ ರಸ್ತೆಯ ಆ ಕಡೆಯಿಂದ ಮಿಣುಕು ದೀಪಗಳ ಸಾಲು ಕಾಣಿಸಿತು. ಸದ್ದೇ ಇಲ್ಲ. ಅಣ್ಣ ಟೀ ಲೋಟ ಕೆಳಗಿಟ್ಟ. "ಇವರಿಗೆ ಯಾರೂ ಹೇಳಲಿಲ್ವಾ? ಆ ತಿರುವಿನಲ್ಲೇ ಈಗ ಮೂರು ಆನೆ ದಾಟಿ ಹೋದ್ವಲ್ಲ."

ಯಾರಿಗೂ ಏನೂ ಆಗಲಿಲ್ಲ. ಗೆಳೆಯರು ನಗುನಗುತ್ತಾ ಬಂದರು, ಫೋಟೊ ತೆಗೆದುಕೊಂಡರು. ಆ ಅಣ್ಣ ಮಾತ್ರ ನಗಲಿಲ್ಲ.

ಬನ್ನೇರುಘಟ್ಟ ಅಂದರೆ ನಮ್ಮೂರಿನವರಿಗೂ ಹುಲಿ, ಸಿಂಹದ ಸಫಾರಿಯೇ ನೆನಪಿಗೆ ಬರುವುದು. ಆ ಮೃಗಾಲಯ, ಸಫಾರಿ ಎಲ್ಲ ಬನ್ನೇರುಘಟ್ಟ ಜೈವಿಕ ಉದ್ಯಾನ, ಅದರ ಆಡಳಿತವೇ ಬೇರೆ. ರಾಷ್ಟ್ರೀಯ ಉದ್ಯಾನ ಅಂದರೆ ಸುಮಾರು 260 ಚದರ ಕಿಲೋಮೀಟರ್ ಕಾಡು. ಉತ್ತರದಿಂದ ದಕ್ಷಿಣಕ್ಕೆ ಉದ್ದಕ್ಕೆ ಚಾಚಿಕೊಂಡಿದೆ, ಕೆಲವು ಕಡೆ ಬಲು ಕಿರಿದು. ಕರಡಿಕ್ಕಲ್–ಮಹದೇಶ್ವರ ಆನೆ ಕಾರಿಡಾರ್ ಅದರ ಕುತ್ತಿಗೆ ಇದ್ದಂತೆ, ಮೇಲಿನ ಕಾಡನ್ನೂ ಕೆಳಗಿನ ಕಾಡನ್ನೂ ಅದೇ ಜೋಡಿಸುತ್ತದೆ. ದಕ್ಷಿಣದಲ್ಲಿ ಕಾವೇರಿ ವನ್ಯಜೀವಿ ಧಾಮ, ಆ ಕಡೆ ತಮಿಳುನಾಡಿನ ಕಾಡು. ಆನೆಗೆ ರಾಜ್ಯದ ಗಡಿ ಗೊತ್ತಿಲ್ಲ, ರಾಗಿ ತೆನೆ ಕಟ್ಟಿದ್ದು ಮಾತ್ರ ಗೊತ್ತಾಗುತ್ತದೆ. ಕತ್ತಲಾದ ಮೇಲೆ ಹೊಲಕ್ಕೆ ಇಳಿಯುತ್ತದೆ, ಬೆಳಕು ಹರಿಯುವ ಮೊದಲು ಕಾಡಿಗೆ ವಾಪಸ್ ಹೊರಡುತ್ತದೆ. ಸೈಕಲ್ಲಿನವರು ಬರುವುದೂ ಸರಿಯಾಗಿ ಅದೇ ಹೊತ್ತಿಗೆ.

ಸೈಕಲ್ ಒಳ್ಳೆಯದು, ಹೊಗೆ ಇಲ್ಲ, ಹಾರ್ನ್ ಇಲ್ಲ ಎನ್ನುತ್ತಾರೆ. ಒಪ್ಪುತ್ತೇವೆ. ಆದರೆ ಆನೆ ಇರುವ ರಸ್ತೆಯಲ್ಲಿ ಸದ್ದಿಲ್ಲದಿರುವುದೇ ತೊಂದರೆ. ಟೆಂಪೊ ಬಂದರೆ ಆನೆಗೆ ದೂರದಿಂದಲೇ ತಿಳಿಯುತ್ತದೆ. ಸೈಕಲ್ ಹತ್ತಿರಕ್ಕೆ ಬರುವ ತನಕ ತಿಳಿಯುವುದಿಲ್ಲ, ಇಬ್ಬರೂ ಒಟ್ಟಿಗೇ ಬೆಚ್ಚಿಬೀಳುತ್ತಾರೆ. ರೋಡ್ ಬೈಕಿನಲ್ಲಿ ಕೂರುವ ರೀತಿಯೂ ಹಾಗೇ ಇದೆ. ಬೆನ್ನು ಬಾಗಿಸಿ ತಲೆ ತಗ್ಗಿಸಬೇಕು, ತೆಳು ಟೈರಿಗೆ ಗುಂಡಿಯೇ ಶತ್ರು, ಹಾಗಾಗಿ ಕಣ್ಣು ಮುಂದಿನ ಡಾಂಬರಿನ ಮೇಲೆಯೇ. ಇಳಿಜಾರಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗ ಹತ್ತುವುದು ಕಷ್ಟವೇನಲ್ಲ. ಅದರ ಮೇಲೆ ಸ್ಟ್ರಾವಾ ಥರದ ಆಪ್‌ಗಳಿವೆ. ರಸ್ತೆಯನ್ನು ತುಂಡು ತುಂಡು ಮಾಡಿ, ಯಾವ ತುಂಡನ್ನು ಯಾರು ಬೇಗ ದಾಟಿದರು ಎಂದು ಪಟ್ಟಿ ಹಾಕುತ್ತವೆ. ನೈಸ್ ರಸ್ತೆಯ ಪಕ್ಕದಲ್ಲಿ ಆ ಆಟ ಆಡಿಕೊಳ್ಳಲಿ. ಪೊದೆ ಪಕ್ಕದ ತಿರುವಿನಲ್ಲಿ ಬೇಡ.

"ನಿಮ್ಮೂರಿನ ಹಾಲಿನವನೂ ಐದಕ್ಕೇ ಹೋಗ್ತಾನಲ್ಲ, ಅವನಿಗಿಲ್ಲದ ನಿಯಮ ನಮಗ್ಯಾಕೆ?" ಎಂದು ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಹಾಲಿನವನಿಗೆ ಡೇರಿ ಸಮಯ ತಪ್ಪಿದರೆ ಆ ಹೊತ್ತಿನ ದುಡ್ಡೇ ಹೋಯಿತು, ಹೋಗದೆ ಗತಿಯಿಲ್ಲ. ಆದರೆ ಅವನು ಸುಮ್ಮನೆ ಹೊರಡುವುದಿಲ್ಲ. ರಾತ್ರಿ ಆನೆ ಯಾರ ಹೊಲಕ್ಕೆ ಬಂತು, ಎಷ್ಟಿದ್ದವು, ಯಾವ ಕಡೆ ಓಡಿಸಿದರು ಅನ್ನುವುದು ಮೊಬೈಲಿನಲ್ಲಿ ಊರೆಲ್ಲ ಹರಿದಾಡಿರುತ್ತದೆ. ಅದನ್ನು ನೋಡಿಕೊಂಡೇ ಕ್ಯಾನ್ ಕಟ್ಟುತ್ತಾನೆ. ಗಿರಿನಗರದಿಂದ ಬರುವವನ ಮೊಬೈಲಿನಲ್ಲಿ ರಸ್ತೆಯ ನಕ್ಷೆ ಇರುತ್ತದೆ, ಏರು ಇಳಿವಿನ ಲೆಕ್ಕ ಇರುತ್ತದೆ. ರಾತ್ರಿ ಆನೆ ಎಲ್ಲಿತ್ತು ಅನ್ನುವುದು ಇರುವುದಿಲ್ಲ.

ನಮಗಿರುವ ಭಯ ಬರೀ ಸೈಕಲ್ಲಿನವರ ಜೀವದ್ದಲ್ಲ. ಸ್ಟ್ರಿಂಗರ್ ಕೆಲಸದಲ್ಲಿ ನಾವು ಕಂಡದ್ದು ಹೇಳುತ್ತೇವೆ. ಹೊಲ ಕಾಯುವವನನ್ನು ಆನೆ ತುಳಿದರೆ ಒಳಪುಟದಲ್ಲಿ ನಾಲ್ಕು ಸಾಲು. ಸಿಟಿಯಿಂದ ಬಂದವರಿಗೆ ಏನಾದರೂ ಆದರೆ ಟಿವಿಯಲ್ಲಿ ಇಡೀ ದಿನ ಅದೇ. ಮಾರನೇ ದಿನ ಗೇಟು ಬೀಳುತ್ತದೆ. ಗೇಟು ಬಿದ್ದರೆ ಬೆಂಗಳೂರಿನವರು ಇನ್ನೊಂದು ರಸ್ತೆ ಹುಡುಕಿಕೊಳ್ಳುತ್ತಾರೆ. ನಮಗೆ ಆಸ್ಪತ್ರೆಗೂ ಅದೇ ರಸ್ತೆ, ಬಸ್ಸಿಗೂ ಅದೇ, ಡೇರಿಗೂ ಅದೇ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ಬಂದ್ ಇದೆ. ಅದನ್ನು ನಾವು ತಪ್ಪು ಎನ್ನುವುದಿಲ್ಲ. ಆದರೆ ಅದು ಎರಡು ರಾಜ್ಯ ಜೋಡಿಸುವ ಹೆದ್ದಾರಿ, ಇದು ಊರಿನ ಬಾಗಿಲಿಗೆ ಬರುವ ರಸ್ತೆ. ಇದಕ್ಕೆ ನಿಯಮ ಆಗುವುದಾದರೆ ಊರಿನವರು ಕೂತು ಮಾಡಬೇಕು. ಸಾವಾದ ಮೇಲೆ ಆಫೀಸಿನಿಂದ ಬರುವ ಆದೇಶ ಬೇಡ.

ನಿಯಮ ದೊಡ್ಡದೇನೂ ಬೇಕಿಲ್ಲ. ರಾಗಿ ತೆನೆ ಕಟ್ಟಿದ ದಿನದಿಂದ ಒಕ್ಕಣೆ ಮುಗಿಯುವ ತನಕ ಬೆಳಗ್ಗೆ ಏಳರ ಒಳಗೆ, ಸಂಜೆ ಐದರ ಮೇಲೆ ಹೊರಗಿನ ಸೈಕಲ್ ಕಾಡಿನ ರಸ್ತೆಗೆ ಇಳಿಯುವುದು ಬೇಡ. ಉಳಿದ ತಿಂಗಳು ಹೊತ್ತು ಮೂಡಿದ ಮೇಲೆ ಬರಲಿ. ಗ್ರಾಮ ಪಂಚಾಯಿತಿ ಮತ್ತು ಅರಣ್ಯ ಇಲಾಖೆ ಸೇರಿ ಕಾಡು ಶುರುವಾಗುವ ಕಡೆ ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಬೋರ್ಡು ಹಾಕಲಿ. ಟೀ ಅಂಗಡಿಯಲ್ಲಿ ನಿಂತು "ರಾತ್ರಿ ಆನೆ ಬಂದಿತ್ತಾ ಅಣ್ಣ?" ಅಂತ ಕೇಳಿ ಮುಂದೆ ಹೋಗಲಿ. ಡಾಂಬರು ಬಿಟ್ಟು ಕಾಡಿನ ಕಾಲುದಾರಿಗೆ ಇಳಿಯುವ ಚಟ ಇರುವವರಿಗೂ ಒಂದು ಮಾತು. ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ನುಗ್ಗಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.

ಈ ಸೈಕಲ್ಲಿನವರನ್ನು ನಾವು ದೂರ ಇಡಬೇಕು ಅಂತಲೂ ಇಲ್ಲ. 2021ರಲ್ಲಿ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುತ್ತೇವೆ ಎಂದಾಗ ದಕ್ಷಿಣ ಬೆಂಗಳೂರಿನ ಬಡಾವಣೆಗಳವರು ಬೀದಿಗೆ ಬಂದರು. ಬನ್ನೇರುಘಟ್ಟದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ ಮೊದಲ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು, 2020ರಲ್ಲಿ ಅಂತಿಮವಾದಾಗ 168.84ಕ್ಕೆ ಇಳಿಯಿತು. ಆಗಲೂ ನಗರದವರು ಗಟ್ಟಿಯಾಗಿ ಕೂಗಿದರು. ನಮ್ಮ ಕಡೆ ಜನ ಎರಡು ಮನಸ್ಸಿನಲ್ಲಿದ್ದರು, ಜಮೀನಿನ ರೇಟು ಏರುವ ಆಸೆಯೂ ಇತ್ತು ನೋಡಿ. ಕಾಡು ನೋಡಿದವರಷ್ಟೇ ಕಾಡಿನ ಪರ ನಿಲ್ಲುತ್ತಾರೆ. ಹಾಗಾಗಿ ಬರಲಿ.

ಇನ್ನೊಂದು ಸಂಗತಿ ಮಾತ್ರ ನಮ್ಮನ್ನು ಚುಚ್ಚುತ್ತದೆ. ಈ ರಸ್ತೆಗಳಲ್ಲಿ ಮೊದಲು ಸೈಕಲ್ ಓಡಿಸಿದವರು ನಾವು. 2006–07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದರು. ಕೋವಿಡ್ ಬಂದಾಗ ಆ ಯೋಜನೆ ನಿಂತಿತು. ಭಾನುವಾರ ಈ ರಸ್ತೆಯಲ್ಲಿ ಲಕ್ಷ ರೂಪಾಯಿಯ ಸೈಕಲ್ ಓಡುತ್ತದೆ, ಸೋಮವಾರ ಅದೇ ರಸ್ತೆಯಲ್ಲಿ ನಮ್ಮ ಹುಡುಗಿ ಬಸ್ಸಿಗೆ ಕಾದು ನಿಂತಿರುತ್ತಾಳೆ. ರಸ್ತೆ ಅಂಚಿನ ಲಂಟಾನ ಪೊದೆ ಸವರಿ ತಿರುವು ಕಾಣುವಂತೆ ಮಾಡಿ ಅಂತ ನಾವು ಕೇಳಿದರೆ ಅರ್ಜಿ ಕೊಡಿ ಎನ್ನುತ್ತಾರೆ. ಸಿಟಿಯವರು ಕೇಳಿದರೆ ಬೇಗ ಆಗಬಹುದು. ಅಷ್ಟು ಉಪಕಾರ ಅವರು ಮಾಡಲಿ.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆವು. ಏಳಕ್ಕೆ ಬಂದರೆ ವಾಪಸ್ ಹೋಗುವಾಗ ಬಿಸಿಲು, ಕನಕಪುರ ರಸ್ತೆಯಲ್ಲಿ ಟ್ರಾಫಿಕ್ ಎಂದು ಗೊಣಗಿದ. ಮುಂದಿನ ಭಾನುವಾರ ಬಂದಾಗ ಏಳೂ ಹತ್ತು. ಅಟ್ಟಣೆಯ ಅಣ್ಣ ಒಂದು ನಿದ್ದೆ ಮುಗಿಸಿ ಎದ್ದು ಬಂದಿದ್ದ. ಟೀ ಅಂಗಡಿಯವರು ಅವತ್ತು ಎರಡು ತಟ್ಟೆ ಇಡ್ಲಿ ಜಾಸ್ತಿ ಬೇಯಿಸಿದ್ದರು, ಅದೂ ಸಾಲಲಿಲ್ಲ.