ಲೆಕ್ಕ ಕೊಡದ ನಮ್ರತೆ



ನಿಮ್ಮಲ್ಲಿ ಅನೇಕರು ಇಂದು ಕ್ರೈಸ್ತಸಭೆಯ ಹಿರಿಯರಾಗಿದ್ದೀರಿ, ಸಹಕಾರ ಸಂಘಗಳ ಅಧ್ಯಕ್ಷರಾಗಿದ್ದೀರಿ, ಶಾಲೆಗಳ ಆಡಳಿತ ಮಂಡಳಿಗಳಲ್ಲಿದ್ದೀರಿ. ಆದುದರಿಂದ ಈ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕೈಮುಗಿದು ತಲೆಬಾಗಿಸಿದ ಮಾತ್ರಕ್ಕೆ ನಾಯಕನು ನಮ್ರನಾಗುವುದಿಲ್ಲ. ಕೇಳಿದವರಿಗೆ ಲೆಕ್ಕ ಒಪ್ಪಿಸುವುದೇ ಅವನ ನಮ್ರತೆ. ಲೆಕ್ಕ ಕೊಡದ ನಮ್ರತೆ ಬರಿಯ ನಾಟಕ.

ವೇದಿಕೆಯ ಮೇಲೆ "ನಾನು ನಿಮ್ಮ ಸೇವಕ" ಎನ್ನುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಅದೇ ಸೇವಕನಿಗೆ ಹಾರ, ಶಾಲು, ಆಳೆತ್ತರದ ಫ್ಲೆಕ್ಸು. ಸಾಮಾನ್ಯ ಸದಸ್ಯನೊಬ್ಬ ಎದ್ದುನಿಂತು ಆಯವ್ಯಯದ ಪಟ್ಟಿ ಕೇಳಲಿ, ಆಗ ನೋಡಿ ಸೇವಕನ ಮುಖ! ಪವಿತ್ರ ಗುರುವಾರದಂದು ಹನ್ನೆರಡು ಜನರ ಪಾದ ತೊಳೆದು, ಉಳಿದ ದಿನಗಳಲ್ಲಿ ಅವರಿಗೇ ಕುರ್ಚಿ ಕೊಡದೆ ನಿಲ್ಲಿಸುವುದಾದರೆ, ಆ ನೀರು ವ್ಯರ್ಥ.

ಯೇಸು ಶಿಷ್ಯರ ಪಾದ ತೊಳೆದದ್ದು ಸಮಾರಂಭಕ್ಕಾಗಿ ಅಲ್ಲ. ಧೂಳು ತುಂಬಿದ ದಾರಿ ನಡೆದು ಬಂದವರ ಕಾಲು ತೊಳೆಯುವುದು ಆ ಕಾಲದಲ್ಲಿ ಮನೆಯಾಳಿನ ಕೆಲಸ. ಯಾಕೋಬ ಯೋಹಾನರು ಎಡಬಲದ ಆಸನಗಳನ್ನು ಬೇಡಿದಾಗ ಆತನು ಬಾಯಲ್ಲಿ ಕಲಿಸಿದ ಪಾಠವನ್ನೇ ಆ ರಾತ್ರಿ ಕೈಯಿಂದ ಮಾಡಿ ತೋರಿಸಿದನು. ಮರೆಯಬೇಡಿ, ತನ್ನನ್ನು ಹಿಡಿದುಕೊಡಲಿದ್ದ ಯೂದನೂ ಆ ಊಟದಲ್ಲಿದ್ದನು.

ಇಲ್ಲಿ ಕೆಲವರು ತಟ್ಟನೆ ಒಂದು ಆಕ್ಷೇಪ ಎತ್ತುತ್ತಾರೆ: "ದೇವರು ಅಭಿಷೇಕಿಸಿದವನನ್ನು ಪ್ರಶ್ನಿಸಬಾರದು. ದಾವೀದನು ಸೌಲನನ್ನು ಮುಟ್ಟಲಿಲ್ಲವಲ್ಲ?" ಹೀಗೆನ್ನುವವರು ಆ ಅಧ್ಯಾಯವನ್ನು ಪೂರ್ತಿ ಓದಿಲ್ಲ. ದಾವೀದನು ಸೌಲನ ಪ್ರಾಣ ತೆಗೆಯಲಿಲ್ಲ, ನಿಜ. ಆದರೆ ಗವಿಯಿಂದ ಹೊರಬಂದು, ಕತ್ತರಿಸಿದ ನಿಲುವಂಗಿಯ ತುಂಡನ್ನು ಎತ್ತಿಹಿಡಿದು, ಸೌಲನು ಮಾಡುತ್ತಿದ್ದ ಅನ್ಯಾಯವನ್ನು ಕೂಗಿ ಕೇಳಿದನು. ಮುಂದೆ ಅದೇ ದಾವೀದನು ರಾಜನಾಗಿ ತಪ್ಪಿದಾಗ ಪ್ರವಾದಿ ನಾತಾನನು ಅರಮನೆಗೇ ಹೋಗಿ ಖಂಡಿಸಿದನು. ಹಲ್ಲೆ ಬೇರೆ, ಪ್ರಶ್ನೆ ಬೇರೆ. ಮೊದಲನೆಯದನ್ನು ವೇದ ನಿಷೇಧಿಸುತ್ತದೆ, ಎರಡನೆಯದನ್ನು ಕರ್ತವ್ಯವಾಗಿಸುತ್ತದೆ.

ಪ್ರಾಮಾಣಿಕನಾದವನು ಪ್ರಶ್ನೆಗಾಗಿ ಕಾಯುವುದೂ ಇಲ್ಲ. ವೃದ್ಧ ಸಮುವೇಲನು ಅಧಿಕಾರ ಬಿಡುವಾಗ ಜನರ ಮುಂದೆ ನಿಂತು, ತಾನು ಯಾರ ಎತ್ತು ಕತ್ತೆಗಳನ್ನು ಕಸಿದೆ, ಯಾರಿಂದ ಲಂಚ ತಿಂದೆ ಹೇಳಿರಿ ಎಂದು ತಾನಾಗಿ ಕೇಳಿದನು. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಸೇರಿಸಿಕೊಂಡನು. ದೇವರಿಗೆ ಗೊತ್ತಿದ್ದರೆ ಸಾಲದು, ಮನುಷ್ಯರಿಗೂ ಸ್ಪಷ್ಟವಾಗಿರಬೇಕು ಎಂಬುದು ಅವನ ನಿಲುವು. "ನನ್ನ ಲೆಕ್ಕ ದೇವರಿಗೆ ಗೊತ್ತು" ಎನ್ನುವ ನಮ್ಮ ಮುಖಂಡರು ಪೌಲನಿಗಿಂತ ಪವಿತ್ರರೋ?

ಭೀಮರಾಯನಗುಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳ ಊರು. ನಾರಾಯಣಪುರ ಜಲಾಶಯದ ನೀರು ಕಾಲುವೆಯಲ್ಲಿ ಹರಿದು ಶಹಾಪುರ, ಸುರಪುರಗಳ ಹೊಲಗಳಿಗೆ ಬರುತ್ತದೆ. ಗೇಟಿನ ಕೀಲಿ ಹಿಡಿದವನು ನೀರಿನ ಒಡೆಯನೇನು? ಅಲ್ಲ. ಅವನ ಯೋಗ್ಯತೆ ತಿಳಿಯಬೇಕಾದರೆ ಕಾಲುವೆಯ ಕೊನೆಯ ಭಾಗದ ರೈತನನ್ನು ಕೇಳಬೇಕು. ವೇದದ ಮಾತಿನಲ್ಲಿ ಅವನು ಪಾರುಪತ್ಯಗಾರ. ಸ್ವತ್ತು ಇನ್ನೊಬ್ಬರದು, ಲೆಕ್ಕ ಮಾತ್ರ ಅವನದು.

ಸುರಪುರದ ಇತಿಹಾಸದಲ್ಲೂ ಇದಕ್ಕೊಂದು ದೃಷ್ಟಾಂತವಿದೆ. ಮೆಡೋಸ್ ಟೇಲರ್ 1841ರಿಂದ ಅಲ್ಲಿದ್ದು, ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡನು. 1853ರಲ್ಲಿ ರಾಜನು ಪ್ರಾಪ್ತವಯಸ್ಕನಾದಾಗ ಆಡಳಿತ ಅವನ ಕೈಸೇರಿತು, ಟೇಲರ್ ಹೊರಟುಹೋದನು. ಟೇಲರನನ್ನು ಪೂಜಿಸಿ ಎನ್ನುವುದಿಲ್ಲ. ಅವನು ಬಂದದ್ದು ಪರಕೀಯ ಪ್ರಭುತ್ವದ ಬಲದಿಂದ. ಆ ಪ್ರಭುತ್ವದ ವಿರುದ್ಧವೇ ಎದ್ದ ಅದೇ ರಾಜನು 1858ರಲ್ಲಿ ಸೆರೆಸಿಕ್ಕು ಮಡಿದನು. ಆದರೂ ಹನ್ನೆರಡು ವರ್ಷ ಆಳಿದವನು ಅವಧಿ ಮುಗಿದಾಗ ಹೊರಟನು. ನಮ್ಮ ಸಂಘಗಳಲ್ಲಿ ಕುರ್ಚಿ ಬಿಡಲೊಲ್ಲದವರು ಇಷ್ಟನ್ನಾದರೂ ಗಮನಿಸಲಿ.

ಹಾಗಾದರೆ ಮಾಡಬೇಕಾದದ್ದೇನು? ಕಾಣಿಕೆಯ ಹಣವನ್ನು ಪರಸ್ಪರ ಸಂಬಂಧಿಕರಲ್ಲದ ಇಬ್ಬರು ಎಣಿಸಲಿ. ವರ್ಷಕ್ಕೊಮ್ಮೆ ಲೆಕ್ಕವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಲಿ. ಅವಧಿ ಮುಗಿದವರು ಬೇಡಿಸಿಕೊಳ್ಳದೆ ಇಳಿಯಲಿ. ಪ್ರಶ್ನೆ ಕೇಳಿದವನನ್ನು ದ್ರೋಹಿ ಎನ್ನದಿರಲಿ.

ಶಾಲೆಯಲ್ಲಿ ಗದ್ದಲ ಮಾಡಿದವರ ಹೆಸರುಗಳನ್ನು ಹಲಗೆಯ ಮೇಲೆ ಬರೆಯುವ ಕೆಲಸ ತರಗತಿಯ ನಾಯಕನದಾಗಿತ್ತು. ತಾನು ಮಾತಾಡಿದಾಗ ತನ್ನ ಹೆಸರನ್ನೂ ಬರೆದುಕೊಂಡವರು ನಿಮ್ಮಲ್ಲಿ ಕೆಲವರಿದ್ದಿರಿ. ಈಗ ನಿಮ್ಮ ಕೈಯಲ್ಲಿ ಸುಣ್ಣದ ಕಡ್ಡಿಗಿಂತ ದೊಡ್ಡ ಅಧಿಕಾರವಿದೆ. ಅಂದಿನ ಆ ಧೈರ್ಯವನ್ನು ಕಳೆದುಕೊಳ್ಳಬೇಡಿರಿ.