ವ್ಯಾಟ್ ನೋಡಿ ಮರುಳಾಗ್ಬೇಡಿ, ಮೊದ್ಲು ಕ್ರಾಸ್‌ಓವರ್ ಕೇಳಿ

ಕಾರ್ ಸೌಂಡ್ ಸರಣಿ, ಭಾಗ 4 🔊🥥

ಹುಳಿಯಾರು ಬಸ್ ಸ್ಟ್ಯಾಂಡ್ ಹತ್ರ ಸಂಜೆ ನಿಂತ್ಕೊಳ್ಳಿ. ಕೆಲವು ಕಾರು ಕಣ್ಣಿಗೆ ಬೀಳೋಕೆ ಮುಂಚೆನೇ ಕಿವಿಗೆ ಬೀಳುತ್ತೆ. ಹತ್ರ ಬಂದ್ರೆ ಡಿಕ್ಕಿ ತಗಡು ಗಡಗಡ, ಹಾಡಿನ ಒಂದಕ್ಷರ ಅರ್ಥ ಆಗಲ್ಲ. "ಇಪ್ಪತ್ತೈದು ಸಾವ್ರ ಆಯ್ತು ಗುರು" ಅಂತಾನೆ ಓನರ್.

ಇಪ್ಪತ್ತೈದು ಸಾವಿರ ಅಂದ್ರೆ ಎಷ್ಟು ಗೊತ್ತಾ? 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100 ರೂಪಾಯಿ. ಆ ಲೆಕ್ಕದಲ್ಲಿ ಎರಡು ಕ್ವಿಂಟಾಲ್‌ಗೂ ಜಾಸ್ತಿ ಕೊಬ್ಬರಿ! ಅಪ್ಪ ಅಟ್ಟದ ಮೇಲೆ ವರ್ಷಗಟ್ಲೆ ಒಣಗಿಸಿ, ಸುಲಿಸಿ, ಮಾರಿದ ದುಡ್ಡು. ಹಾಕ್ಸ್ಬೇಡಿ ಅಂತ ಹೇಳ್ತಿಲ್ಲ. ಲೆಕ್ಕ ಹಾಕಿ ಹಾಕ್ಸಿ ಅಂತಿದೀನಿ.

ನಾನೂ ಬೆಪ್ಪಾದೋನೇ. ಹೋದ್ ವರ್ಷ ನಮ್ಮ ಕಾರಿಗೆ ಹೊಸ ಸ್ಪೀಕರು, ದೊಡ್ಡ ಆಂಪ್ಲಿಫೈಯರು ಹಾಕ್ಸಿದೆ. ಫಿಟ್ ಮಾಡಿದೋರು ಟ್ವೀಟರ್‌ನ ನೇರವಾಗಿ ಆಂಪ್‌ಗೆ ಕೊಟ್ಟುಬಿಟ್ರು. ಮೂರನೇ ದಿನಕ್ಕೆ ಎರಡೂ ಸುಟ್ಟೋಯ್ತು. ಆಗ ಕೂತು ಕಲಿತಿದ್ದು ಇದೆಲ್ಲ.

👉 ಮೊದ್ಲು ವ್ಯಾಟ್ ಕಥೆ. ಮಾಮೂಲಿ ಸ್ಟೀರಿಯೋ ಡಬ್ಬದ ಮೇಲೆ "50 x 4" ಅಂತಿರುತ್ತೆ. ಪಿಯುಸಿ ಫಿಸಿಕ್ಸ್ ನೆನಪು ಮಾಡ್ಕೊಳ್ಳಿ. ಇಂಜಿನ್ ಓಡ್ತಿರುವಾಗ ಸುಮಾರು 14.4 ವೋಲ್ಟ್ ಸಿಗುತ್ತೆ. ಅದನ್ನ 1.414ರಿಂದ ಭಾಗಿಸಿ, ಬಂದಿದ್ದನ್ನ ವರ್ಗ ಮಾಡಿ, 4 ಓಮ್‌ನಿಂದ ಭಾಗಿಸಿ. 26 ವ್ಯಾಟ್ ಕೂಡ ಪೂರ್ತಿ ಬರಲ್ಲ. ನಿಜವಾಗಿ ಶುದ್ಧವಾಗಿ ಸಿಗೋದು ಇಪ್ಪತ್ತರ ಆಸುಪಾಸು. ಆದ್ರಿಂದ ಆಂಪ್ ಬೇಕು ಅನ್ನೋದು ನಿಜವೇ. ಆದ್ರೆ ಆಂಪ್ ಡಬ್ಬದ ಮೇಲಿನ "2000 ವ್ಯಾಟ್" ಕೂಡ ನಂಬ್ಬೇಡಿ, ಅದರ ಫ್ಯೂಸ್ ನೋಡಿ. 25 ಆಂಪಿಯರ್ ಫ್ಯೂಸ್ ಇದ್ರೆ 14 ವೋಲ್ಟಲ್ಲಿ ಒಳಗೆ ಹೋಗೋದೇ 350 ವ್ಯಾಟ್. ಎಬಿ ಕ್ಲಾಸ್ ಆಂಪ್ ಆದ್ರೆ ಅದರಲ್ಲಿ ಒಂದಷ್ಟು ಬಿಸಿಯಾಗೇ ಹೋಗುತ್ತೆ, ಸ್ಪೀಕರ್‌ಗೆ ಬರೋದು ಇನ್ನೂರರ ಹತ್ರ. ಕೊಳ್ಳುವಾಗ ಆರ್‌ಎಮ್‌ಎಸ್ ಎಷ್ಟು ಅಂತ ಮಾತ್ರ ಕೇಳಿ.

ಇನ್ನೊಂದು ಮಾತು. ವ್ಯಾಟ್ ಡಬಲ್ ಆದ್ರೆ ಸೌಂಡ್ ಡಬಲ್ ಆಗಲ್ಲ, 3 ಡೆಸಿಬಲ್ ಏರುತ್ತೆ ಅಷ್ಟೇ. 89 ಡೆಸಿಬಲ್ ಸೆನ್ಸಿಟಿವಿಟಿ ಸ್ಪೀಕರ್ ಬದಲು 92ರದ್ದು ತಗೊಂಡ್ರೆ ಆಂಪ್ ಮುಟ್ಟದೇ ಅದೇ ಲಾಭ.

👉 ಈಗ ಕ್ರಾಸ್‌ಓವರ್. ತೋಟದಲ್ಲಿ ಡ್ರಿಪ್ ಲೈನಿಗೆ ಫಿಲ್ಟರ್ ಇಲ್ದೆ ಬೋರ್ ನೀರು ಬಿಡ್ತೀರಾ? ಮರಳು ಹೋಗಿ ಸಣ್ಣ ತೂತೆಲ್ಲ ಕಟ್ಕೊಳ್ಳುತ್ತೆ. ಟ್ವೀಟರ್ ಕೂಡ ಹಂಗೇ, ಬೇಸ್ ಅದಕ್ಕೆ ಮರಳಿದ್ದಂಗೆ. ಕ್ರಾಸ್‌ಓವರ್ ಕೆಲಸ ಇಷ್ಟೇ: ಯಾವ ಸ್ವರ ಯಾರಿಗೆ ಅಂತ ಹಂಚೋದು. ಟ್ವೀಟರ್ ಬೇರೆ, ದೊಡ್ಡ ಸ್ಪೀಕರ್ ಬೇರೆ ಬರೋ ಕಾಂಪೊನೆಂಟ್ ಸೆಟ್ ಜೊತೆ ಸಾಮಾನ್ಯವಾಗಿ ಒಂದು ಪುಟ್ಟ ಕ್ರಾಸ್‌ಓವರ್ ಬಾಕ್ಸ್ ಕೊಟ್ಟಿರ್ತಾರೆ. ಅದನ್ನ ಹಾಕ್ದೆ ಬಿಡೋಕೆ ಒಪ್ಪಲೇಬೇಡಿ.

ಬಾಗಿಲ ಸ್ಪೀಕರ್‌ಗೂ ಇದು ಬೇಕು. ಅದೇ ಜೋರಿನಲ್ಲಿ 80 ಹರ್ಟ್ಸ್ ಬದಲು 40 ಹರ್ಟ್ಸ್ ನುಡಿಸ್ಬೇಕಂದ್ರೆ ಕೋನ್ ನಾಲ್ಕು ಪಟ್ಟು ಆಡ್ಬೇಕು. ಆರಿಂಚಿನ ಸ್ಪೀಕರ್ ಅಲ್ಲೇ ಒದ್ದಾಡೋದು. ಆಂಪ್‌ನಲ್ಲಿ ಎಚ್‌ಪಿಎಫ್ ಅನ್ನೋ ತಿರುಗಣೆ ಇರುತ್ತೆ, ಅದನ್ನ 80ಕ್ಕೆ ಇಡಿ. ಸಬ್‌ವೂಫರ್ ಇದ್ರೆ ಎಲ್‌ಪಿಎಫ್ ಕೂಡ 80ಕ್ಕೆ. ಅಲ್ಲಿಂದ ಶುರು ಮಾಡಿ ಕಿವಿಗೆ ಹಿಡಿಸೋ ಹಾಗೆ ಸ್ವಲ್ಪ ಆಚೀಚೆ ಮಾಡ್ಕೊಳ್ಳಿ. ಗೇನ್ ತಿರುಗಣೆ ವಾಲ್ಯೂಮ್ ಅಲ್ಲ. ಪೂರ್ತಿ ತಿರುಗಿಸಿದ್ರೆ ಸೌಂಡ್ ಒಡೆದು ಮೊದ್ಲು ಸಾಯೋದು ಟ್ವೀಟರ್ರೇ.

"ಇಲ್ಲ ಗುರು, ನಂಗೆ ಬೇಸ್ ಬೇಕೇ ಬೇಕು" ಅಂತೀರಾ? ಸರಿ, ಸಬ್‌ವೂಫರ್ ಹಾಕಿ, ತಪ್ಪೇನಿಲ್ಲ. ಬೇಸ್ ಹೊರೋಕೆ ಅದಿದ್ರೆ ಬಾಗಿಲ ಸ್ಪೀಕರ್ ಉಸಿರಾಡುತ್ತೆ, ಹಾಡುಗಾರನ ದನಿ ತಿಳಿಯಾಗುತ್ತೆ. ಕ್ರಾಸ್‌ಓವರ್ ಇಲ್ದೆ ಎಲ್ಲರೂ ಎಲ್ಲಾನೂ ಕೂಗಿದ್ರೆ ಅದು ಸಂಗೀತ ಅಲ್ಲ, ಸಂತೆ.

ನನ್ನ ಅಭಿಪ್ರಾಯ, ಅನುಕ್ರಮವಾಗಿ:
1️⃣ ಮೊದ್ಲು ಒಳ್ಳೆ ಮುಂದಿನ ಸ್ಪೀಕರ್, ಬಾಗಿಲ ತೂತು ಮುಚ್ಚೋ ಡ್ಯಾಂಪಿಂಗ್ ಶೀಟ್.
2️⃣ ಆಮೇಲೆ ಚಾನಲ್‌ಗೆ 50 ವ್ಯಾಟ್ ಆರ್‌ಎಮ್‌ಎಸ್ ಇರೋ, ಎಚ್‌ಪಿಎಫ್, ಎಲ್‌ಪಿಎಫ್ ಎರಡೂ ಇರೋ ನಾಲ್ಕು ಚಾನಲ್ ಆಂಪ್.
3️⃣ ಕೊನೆಗೆ ಸಬ್.
4️⃣ ಅಪ್ಪಟ ತಾಮ್ರದ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸು. ಇದರಲ್ಲಿ ಮಾತ್ರ ಕಾಸು ಉಳಿಸ್ಬೇಡಿ, ಬೆಂಕಿ ಹತ್ತೋದು ಇಲ್ಲೇ.
5️⃣ ಕಂಪನಿ ವೈರ್ ಕತ್ತರಿಸ್ಬೇಡಿ, ಕಪ್ಲರ್ ಹಾಕ್ಸಿ. ವಾರಂಟಿ ಇದ್ರೆ ಮೊದ್ಲೇ ಕೇಳ್ಕೊಳ್ಳಿ.

ನಮ್ಮಜ್ಜ ಅಟ್ಟದಿಂದ ಒಂದು ಕಾಯಿ ತೆಗೆದು ಕಿವಿ ಹತ್ರ ಅಲ್ಲಾಡಿಸೋರು. ನೀರಿನ ಸದ್ದು ನಿಂತು ಒಳಗೆ ಉಂಡೆ ಗಡಗಡ ಅಂದ್ರೆ ಕೊಬ್ಬರಿ ಆಯ್ತು ಅಂತ ಲೆಕ್ಕ. ಯಾವ ಡಬ್ಬದ ಮೇಲಿನ ನಂಬರೂ ನೋಡ್ಲಿಲ್ಲ ಅವರು. ನಾವೂ ಅದೇ ಊರಿನ ಕಿವಿ ಇಟ್ಕೊಂಡೋರು ಕಣ್ರೋ. ಅಂಗಡಿಗೆ ಹೋದಾಗ ನಿಮಗೆ ಬಾಯಿಪಾಠ ಇರೋ ಒಂದು ಹಾಡು ಫೋನಲ್ಲಿ ತಗೊಂಡ್ ಹೋಗಿ. ಅದರಲ್ಲಿ ಪದ ಸ್ಪಷ್ಟವಾಗಿ ಕೇಳಿದ್ರೆ ದುಡ್ಡು ಕೊಡಿ, ಇಲ್ಲಾಂದ್ರೆ ಎದ್ದು ಬನ್ನಿ.

ನಿಮ್ಮ ಆಂಪ್‌ನ ಫ್ಯೂಸ್ ಎಷ್ಟು ಆಂಪಿಯರ್? ನೋಡ್ಕೊಂಡು ಬಂದು ಕಾಮೆಂಟಲ್ಲಿ ಹಾಕಿ, ನಿಜವಾದ ವ್ಯಾಟ್ ಲೆಕ್ಕ ಒಟ್ಟಿಗೆ ಹಾಕೋಣ 👇

#ಹುಳಿಯಾರು #ಕಾರ್‌ಸೌಂಡ್ #ಕಲ್ಪತರುನಾಡು #ಕನ್ನಡದಲ್ಲೇಟೆಕ್