ಯಾವ ಪಕ್ಷದೋನು ನೀನು ಅಂದ್ರೆ ಏನ್ ಹೇಳ್ಲಿ

ರಾಗಿ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ಸಲ. ಈ ವಾರ ಅಟ್ಟದ ಕಾಯಿ ಇಳಿಸಿ ಸುಲಿಸ್ತಾ ಇದ್ದಾಗ ನಡೆದ ಮಾತೊಂದು ತಲೇಲಿ ಕೊರೀತಾ ಇದೆ.

ಸುಲಿಯೋರು ಟೀಗೆ ಕೂತಿದ್ರು. ಒಂದು ಪಕ್ಷದವರು ಇಬ್ಬರು ಬೈಕಲ್ಲಿ ಬಂದ್ರು. ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಅವಧಿ 2021ರಲ್ಲೇ ಮುಗೀತು, ಆವಾಗಿಂದ ಚುನಾವಣೆ ಇವತ್ತು ಬರುತ್ತೆ ನಾಳೆ ಬರುತ್ತೆ ಅಂತಾನೇ ಕೇಳ್ತಿದೀವಿ. "ಈ ಸಲ ಬಂದ್ರೆ ತಾಲ್ಲೂಕು ಪಂಚಾಯ್ತಿಗೆ ನೀನೇ ನಿಂತ್ಕೊಳಣ್ಣ. ಡೈರೀಲಿ ಡೈರೆಕ್ಟರ್ ಆಗಿದೀಯ, ನಾಲ್ಕು ಜನ ನಿನ್ನ ಮಾತು ಕೇಳ್ತಾರೆ. ಶಾಲು ಹಾಕ್ಕೊ, ಮಿಕ್ಕಿದ್ದು ನಮಗೆ ಬುಡು" ಅಂದ್ರು. ಮೂರು ದಿನ ಬಿಟ್ಟು ಇನ್ನೊಂದು ಪಕ್ಷದವರೂ ಬಂದ್ರು. ಮಾತು ಅದೇ, ಶಾಲಿನ ಬಣ್ಣ ಬೇರೆ. "ನೀನು ನಮ್ಮೋನೇ ಅಲ್ವೇನಣ್ಣ" ಅಂತ ಇಬ್ರೂ ಅಂದ್ರು.

ತಮಾಷೆ ಅಂದ್ರೆ ಇಬ್ರು ಹೇಳಿದ್ದೂ ಅರ್ಧರ್ಧ ನಿಜ.

ಕೊಬ್ಬರಿಯಿಂದಲೇ ಶುರು ಮಾಡ್ತೀನಿ. 2023ರಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ ಎಂಟು ಸಾವಿರದ ಆಸುಪಾಸಿಗೆ ಬಿದ್ದಿದ್ದು ಯಾರೂ ಮರೆತಿಲ್ಲ. 2024ಕ್ಕೆ ಕೇಂದ್ರ 12,000 ಬೆಂಬಲ ಬೆಲೆ ಇಟ್ಟಿತು, ರಾಜ್ಯ ಅದರ ಮೇಲೆ 1,500 ಸೇರಿಸಿತು. ಈಗ ಆ 13,500 ಯಾವ ಪಕ್ಷ ಕೊಟ್ಟಿದ್ದು? ಹಾಲಿನದೂ ಇದೇ ಕತೆ. 2008ರಲ್ಲಿ ಯಡಿಯೂರಪ್ಪ ಲೀಟರ್‌ಗೆ ಎರಡು ರೂಪಾಯಿ ಪ್ರೋತ್ಸಾಹಧನ ಶುರು ಮಾಡಿದ್ರು, ಸಿದ್ದರಾಮಯ್ಯ ಅದನ್ನ ಐದಕ್ಕೆ ಏರಿಸಿದ್ರು. 2018ರಲ್ಲಿ ಕುಮಾರಸ್ವಾಮಿ ಸಾಲ ಮನ್ನಾ ಮಾಡಿದಾಗ ನಮ್ಮಪ್ಪನ ಸೊಸೈಟಿ ಸಾಲ ಹೋಯ್ತು, ಅಪ್ಪ ಸಾಯೋವರೆಗೂ ಆ ಋಣ ಆಡ್ತಾ ಇದ್ರು. ಕಿಸಾನ್ ಸಮ್ಮಾನ್ ಆರು ಸಾವಿರ ಯಾರ ಕೈಯೂ ಬಿಸಿ ಮಾಡದೆ ಖಾತೆಗೆ ಬೀಳುತ್ತೆ, ಒಳ್ಳೆ ಕೆಲಸ. ಅದರ ಜೊತೆ ರಾಜ್ಯ ಕೊಡ್ತಿದ್ದ ನಾಲ್ಕು ಸಾವಿರ ಸರ್ಕಾರ ಬದಲಾದ ಮೇಲೆ ನಿಂತುಹೋಯ್ತು, ಅದು ನನಗೆ ಈಗಲೂ ಬೇಜಾರು. ಆದ್ರೆ ಅದೇ ಸರ್ಕಾರದ ಗೃಹಲಕ್ಷ್ಮಿ ಎರಡು ಸಾವಿರದಲ್ಲಿ ನಮ್ಮನೆಯವಳು ಹಿಂಡಿ, ಬೂಸಾ ತರ್ತಾಳೆ. ಅರಳಿಕಟ್ಟೆ ಮೇಲೆ ಕೂತು ಅದನ್ನ ಬಿಟ್ಟಿ ಅನ್ನೋರು ಒಂದು ದಿನ ಬಂದು ನಮ್ಮ ಕೊಟ್ಟಿಗೆ ಸಗಣಿ ಬಾಚಲಿ.

ಇದೆಲ್ಲ ಹಣದ ಮಾತು, ಹೆಂಗೋ ಆಗುತ್ತೆ. ನಿಜವಾಗಿ ಸಿಕ್ಕಿಹಾಕ್ಕೊಂಡಿರೋದು ಎರಡು ಕಡೆ.

ಒಂದು ದನ. 1964ರ ಕಾಯ್ದೆಯಲ್ಲೂ ಹಸು ಕಡಿಯೋ ಹಂಗಿರಲಿಲ್ಲ, ಆದ್ರೆ 12 ವರ್ಷ ದಾಟಿದ ಎತ್ತು ಮಾರೋಕೆ ದಾರಿ ಇತ್ತು. ಬಿಜೆಪಿ ತಂದ 2020ರ ಕಾಯ್ದೆ ಅದನ್ನೂ ಮುಚ್ಚಿತು, 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ಬಿಟ್ಟಿತು. ನಾನು ಸಂಕ್ರಾಂತಿಗೆ ಕಿಚ್ಚು ಹಾಯಿಸೋನು. ನಮ್ಮ ಕುಂಟ ಎತ್ತು ಮೂರು ವರ್ಷದಿಂದ ಕೊಟ್ಟಿಗೇಲೇ ಇದೆ, ಇಲ್ಲೇ ಸಾಯಲಿ ಅಂತ ಇಟ್ಕೊಂಡಿದೀನಿ. ಆದ್ರೆ ಮೇವಿಗೆ ಸಾಲ ಮಾಡೋ ನನ್ನ ಪಕ್ಕದವನಿಗೂ ಹಂಗೇ ಇಟ್ಕೊ ಅಂತ ಪೊಲೀಸರ ಕೈಲಿ ಹೇಳಿಸೋದು ನನಗೆ ಸರಿ ಕಾಣಲ್ಲ. ಇದನ್ನ ಆಗ ವಿರೋಧ ಮಾಡಿದ ಕಾಂಗ್ರೆಸ್ 2023ರಲ್ಲಿ ಅಧಿಕಾರಕ್ಕೆ ಬಂತು. ಎರಡು ವರ್ಷ ಕಳೆದರೂ ಕಾಯ್ದೆ ಅಲ್ಲೇ ಇತ್ತು.

ಇನ್ನೊಂದು ಭೂಮಿ. 79ಎ, 79ಬಿ ಅಂತ ಕಲಂ ಇದ್ವಲ್ಲ, ಬೇಸಾಯ ಬಿಟ್ಟು ಬೇರೆ ಆದಾಯ ಜಾಸ್ತಿ ಇರೋರು, ಬೇಸಾಯ ಮಾಡದೋರು ಜಮೀನು ಕೊಳ್ಳಬಾರದು ಅಂತ. 2015ರಲ್ಲಿ ಕಾಂಗ್ರೆಸ್ ಸರ್ಕಾರ ಆದಾಯದ ಮಿತೀನ ಎರಡು ಲಕ್ಷದಿಂದ 25 ಲಕ್ಷಕ್ಕೆ ಏರಿಸಿತು. 2020ರಲ್ಲಿ ಬಿಜೆಪಿ ಸರ್ಕಾರ ಕಲಮನ್ನೇ ತೆಗೀತು. ಒಬ್ಬರು ಬಾಗಿಲು ತೆರೆದ್ರು, ಇನ್ನೊಬ್ಬರು ಬಾಗಿಲೇ ಕಿತ್ತು ಹಾಕಿದ್ರು. ನಮ್ಮ ತೋಟದ ಬಡಗಲಿಗೆ ನಾಲ್ಕು ಎಕರೆ ಬೆಂಗಳೂರಿನವರು ತಗೊಂಡು ತಂತಿ ಬೇಲಿ ಹಾಕಿದ್ದಾರೆ, ರಾಗಿ ಬೆಳೀತಿದ್ದ ಹೊಲದಲ್ಲಿ ಈಗ ಲಾಂಟಾನ. ಮಾರಿದವನ ಮೇಲೆ ನನಗೆ ಸಿಟ್ಟಿಲ್ಲ, ಮಗಳ ಮದುವೆ ಇತ್ತು. ಆದ್ರೆ ಆ ಹೊಲ ಇನ್ನು ನಮ್ಮೂರಿನ ಯಾರ ಕೈಗೂ ಬರಲ್ಲ.

ಇಲ್ಲಿಂದಲೇ ನನಗೊಂದು ಲೆಕ್ಕ ಸಿಕ್ಕಿದ್ದು. ಸಹಾಯಧನ ನಿಂತರೆ ಮುಂದಿನ ಸರ್ಕಾರ ಮತ್ತೆ ಕೊಡಬಹುದು. ಬೆಲೆ ಬಿದ್ದರೆ ಮತ್ತೆ ಏಳಬಹುದು. ಹೋದ ಜಮೀನು ವಾಪಸ್ ಬರೋದಿಲ್ಲ. ಅದಕ್ಕೆ ಅಸೆಂಬ್ಲಿ ಓಟಿಗೆ ನಾನು ಮೊದಲು ನೋಡೋದು ಭೂಮಿ ವಿಚಾರ, ಆಮೇಲೆ ಮಿಕ್ಕಿದ್ದು. ಪಾರ್ಲಿಮೆಂಟಿಗೆ ಕೊಬ್ಬರಿ ಬೆಂಬಲ ಬೆಲೆ, ಹೊರದೇಶದ ಅಡುಗೆ ಎಣ್ಣೆ ಮೇಲಿನ ಸುಂಕ ನೋಡ್ತೀನಿ, ಯಾಕಂದ್ರೆ ಅವು ಡೆಲ್ಲಿ ಕೈಲಿವೆ. ಹಂಗಾಗಿ 2023ರಲ್ಲಿ ಒಂದು ಗುಂಡಿ ಒತ್ತಿದೆ, 2024ರಲ್ಲಿ ಇನ್ನೊಂದು. ನನ್ನ ಮಗ "ಅಪ್ಪಂಗೆ ನಿಯತ್ತೇ ಇಲ್ಲ" ಅಂತ ನಗ್ತಾನೆ. ನಿಯತ್ತು ಇಟ್ಕೊಳ್ಳೋಕೆ ಅದೇನು ಮನೆದೇವರೇ?

ಕೆಲವರು ನೋಟಾ ಒತ್ತಿ ಅಂತಾರೆ. 2013ರಿಂದ ಆ ಗುಂಡಿ ಇದೆ, ಆದ್ರೆ ಅದಕ್ಕೆ ಎಷ್ಟೇ ಬಿದ್ದರೂ ಉಳಿದವರಲ್ಲಿ ಜಾಸ್ತಿ ಓಟು ಬಂದೋನೇ ಗೆಲ್ಲೋದು. ಸಿಟ್ಟು ತೀರಿಸಿಕೊಳ್ಳೋಕೆ ಆಗಬಹುದು. ರೈತ ಸಂಘದಿಂದಲೇ ನಿಲ್ಲು ಅಂತ ಹಳೇ ಸ್ನೇಹಿತರು ಹೇಳ್ತಾರೆ. ಹಸಿರು ಶಾಲು ಮನೇಲಿ ಈಗಲೂ ಗೂಟಕ್ಕೆ ನೇತಾಡ್ತಿದೆ. ಪುಟ್ಟಣ್ಣಯ್ಯನವರು ಪಾಂಡವಪುರ, ಮೇಲುಕೋಟೆಯಿಂದ ಗೆದ್ದು ತೋರಿಸಿದ್ರು, ಸದನದಲ್ಲಿ ಮಾತಾಡಿದ್ರು. ಆದ್ರೆ ಒಬ್ಬರ ಮಾತಿಗೆ ಸರ್ಕಾರ ಎಷ್ಟು ಬಗ್ಗುತ್ತೆ? ಕಿತ್ತೂರಿನಿಂದ ಸಂಘದ ಬಲದ ಮೇಲೆ ಗೆದ್ದಿದ್ದ ಬಾಬಾಗೌಡ ಪಾಟೀಲರು ಕೊನೆಗೆ ಬಿಜೆಪಿ ಸೇರಿ ವಾಜಪೇಯಿ ಸರ್ಕಾರದಲ್ಲಿ ಮಂತ್ರಿ ಆದ್ರು. ಅವರನ್ನ ಬೈಯೋರು ಇದಾರೆ, ನಾನು ಬೈಯಲ್ಲ, ಆ ಕಷ್ಟ ಏನು ಅಂತ ಈಗ ಗೊತ್ತಾಗ್ತಿದೆ.

ಓಟು ಹಾಕೋಕೂ ಶಾಲು ಹಾಕ್ಕೊಳ್ಳೋಕೂ ವ್ಯತ್ಯಾಸ ಇದೆ. ಓಟುದಾರನಾಗಿ ನಾನು ಒಂದು ವಿಷಯಕ್ಕೆ ಈ ಕಡೆ, ಇನ್ನೊಂದಕ್ಕೆ ಆ ಕಡೆ ಇರಬಹುದು, ಯಾರೂ ಕೇಳಲ್ಲ. ಗ್ರಾಮ ಪಂಚಾಯ್ತಿಗೂ ಪಕ್ಷದ ಚಿಹ್ನೆ ಇಲ್ಲ. ತಾಲ್ಲೂಕು ಪಂಚಾಯ್ತಿ ಹಂಗಲ್ಲ. ಚಿಹ್ನೆ ಮೇಲೆ ಗೆದ್ದರೆ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆ ಇದೆ, 1987ರದ್ದು. ವಿಪ್ ಕೊಟ್ಟ ಕಡೆ ಕೈ ಎತ್ತಲಿಲ್ಲ ಅಂದ್ರೆ ಸದಸ್ಯತ್ವಕ್ಕೇ ಕುತ್ತು. ಡೈರಿ ಸಭೇಲಿ ಅಧ್ಯಕ್ಷರ ಮುಖಕ್ಕೇ "ಇದು ತಪ್ಪು ಕಣಣ್ಣ" ಅಂದಿದೀನಿ, ಆ ಬಾಯಿಗೆ ಬೀಗ ಹಾಕ್ಕೊಂಡು ಕೂರೋಕೆ ಆಗುತ್ತಾ ಅನ್ನೋದೇ ನನ್ನ ಯೋಚನೆ. ಹಂಗಂತ ನಮ್ಮಂತೋರೆಲ್ಲ ಮನೇಲಿ ಕೂತ್ರೆ ಅಲ್ಲಿಗೆ ಹೋಗೋರು ಯಾರು ಅಂತಾನೂ ಗೊತ್ತು.

ಸದ್ಯಕ್ಕೆ ಇಬ್ಬರಿಗೂ ಒಂದೇ ಮಾತು ಹೇಳಿದೀನಿ. ಭೂಮಿ ಕಾಯ್ದೆ ಬಗ್ಗೆ ಬಹಿರಂಗವಾಗಿ ನನ್ನ ಅಭಿಪ್ರಾಯ ಹೇಳ್ತೀನಿ, ನಿಮ್ಮ ಶಾಲು ಹಾಕ್ಕೊಂಡೇ ಹೇಳ್ತೀನಿ, ಒಪ್ಪಿಗೆನಾ? ಒಬ್ಬರು "ಮೇಲಿನವರನ್ನ ಕೇಳಿ ಹೇಳ್ತೀವಿ" ಅಂದ್ರು. ಇನ್ನೊಬ್ಬರು ನಕ್ಕು ಬೈಕ್ ಹತ್ತಿದ್ರು.

ಈ ಹಿಂದೆ ತಾಲ್ಲೂಕು ಪಂಚಾಯ್ತಿ ಸದಸ್ಯರಾಗಿದ್ದೋರು ಯಾರಾದ್ರೂ ಇದನ್ನ ಓದ್ತಿದ್ರೆ, ಮನಸ್ಸಿಗೆ ಒಪ್ಪದ ವಿಪ್ ಬಂದಾಗ ನೀವು ಏನ್ ಮಾಡಿದ್ರಿ ಅಂತ ಬರೀರಿ. ಸೋಮವಾರ ಅವರು ಮತ್ತೆ ಬರ್ತಾರೆ, ಅಷ್ಟರೊಳಗೆ ನನಗೆ ತಿಳೀಬೇಕು.